ಅಲ್ಡುಯಿನ್ ಸತ್ತ ಮರುದಿನ

ಅಲ್ಡುಯಿನ್‌ನನ್ನು ನಾನು ಕೊಂದದ್ದು ಒಂದು ಬುಧವಾರ ರಾತ್ರಿ, ಹನ್ನೆರಡೂವರೆಯ ಸುಮಾರಿಗೆ. ವಾರ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಮರುದಿನ ಗುರುವಾರ ಬೆಳಿಗ್ಗೆ ಬನಹಟ್ಟಿಯ ನಮ್ಮ ಮನೆಯಲ್ಲಿ ಉಳಿದಿದ್ದ ಎರಡು ಮಗ್ಗಗಳನ್ನು ಬಿಚ್ಚಿ ಟೆಂಪೋಕ್ಕೆ ಹೇರಿದರು.

ಅಲ್ಡುಯಿನ್ ಮನುಷ್ಯನಲ್ಲ. ‘ಸ್ಕೈರಿಮ್’ ಎಂಬ ಕಂಪ್ಯೂಟರ್ ಗೇಮಿನಲ್ಲಿ ಲೋಕವನ್ನೇ ನುಂಗಲು ಬರುವ ಕರಿಯ ಡ್ರ್ಯಾಗನ್. ಬೆಥೆಸ್ಡಾ ಎಂಬ ಅಮೆರಿಕದ ಸಂಸ್ಥೆ 2011ರ ನವೆಂಬರ್ 11ರಂದು ಬಿಡುಗಡೆ ಮಾಡಿದ ಆಟ ಅದು. ಜಗತ್ತೆಲ್ಲ ಆಡಿ ಮರೆಯುವ ಹೊತ್ತಿಗೆ ನಾನು ಶುರುಮಾಡಿದೆ. ಪುಣೆಯ ಒಂದು ಕಂಪನಿ ನನ್ನನ್ನೂ ಇನ್ನಷ್ಟು ಜನರನ್ನೂ ಒಂದೇ ಮೇಲ್‌ನಲ್ಲಿ ಮನೆಗೆ ಕಳಿಸಿತ್ತು. ಕೈಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು, ಸೇಲಿನಲ್ಲಿ ಅಗ್ಗಕ್ಕೆ ಕೊಂಡ ಈ ಆಟವಿತ್ತು, ಬೇಕಾದಷ್ಟು ರಾತ್ರಿಗಳಿದ್ದವು.

ಆಡದವರಿಗಾಗಿ ಒಂದೆರಡು ಮಾತು. ಇದು ಓಪನ್ ವರ್ಲ್ಡ್ ಆಟ. ಬೆಟ್ಟ, ಹೊಳೆ, ಊರು, ಗುಹೆ, ಹಿಮ, ಎಲ್ಲ ಇರುವ ಒಂದು ನಾಡನ್ನು ಎದುರಿಗೆ ಹರವಿಟ್ಟು ಎತ್ತ ಬೇಕಾದರೂ ಹೋಗು ಅನ್ನುತ್ತದೆ. ಹಾಗೆಂದು ಪೂರ್ತಿ ಬಿಟ್ಟುಬಿಡುವುದೂ ಇಲ್ಲ. ಮೇನ್ ಕ್ವೆಸ್ಟ್ ಎಂಬ ಮುಖ್ಯ ಕಥೆಯೊಂದು ಇರುತ್ತದೆ, ಪರದೆಯ ಮೇಲ್ತುದಿಯ ದಿಕ್ಸೂಚಿಯಲ್ಲಿ ಒಂದು ಬಾಣ ಇರುತ್ತದೆ. ಬಾಣದ ಹಿಂದೆ ನಡೆದರೆ ಕಥೆ ಮುಂದೆ ಹೋಗುತ್ತದೆ. ಗಲ್ಲಿಗೆ ಒಯ್ಯುವ ಗಾಡಿಯಲ್ಲಿ ಕೈ ಕಟ್ಟಿಸಿಕೊಂಡು ಕೂತಲ್ಲಿಂದ ಆಟ ಆರಂಭವಾಗುತ್ತದೆ. ಆಮೇಲೆ ನೀನು ಸಾಮಾನ್ಯನಲ್ಲ, ಡ್ರ್ಯಾಗನ್ನುಗಳ ಆತ್ಮವನ್ನೇ ಹೀರಬಲ್ಲವನು ಎಂದು ತಿಳಿಯುತ್ತದೆ. ಕೊನೆಗೆ ಸತ್ತ ವೀರರ ಸ್ವರ್ಗಕ್ಕೇ ಹೋಗಿ ಅಲ್ಡುಯಿನ್‌ನನ್ನು ಕೊಂದು ಬರುತ್ತೀ.

ಬಂದ ಮೇಲೆ ಏನಾಗುತ್ತದೆ ಅನ್ನುವುದೇ ನನ್ನ ವಿಷಯ. ಹಿಮದ ಶಿಖರದ ಮೇಲೆ ನೀನು ನಿಂತಿರುತ್ತೀ. ಸುತ್ತ ಬಂಡೆಗಳ ಮೇಲೆ ಡ್ರ್ಯಾಗನ್ನುಗಳು ಕೂತು ಒಂದೊಂದಾಗಿ ಕೂಗಿ ಹಾರಿಹೋಗುತ್ತವೆ. ಅಲ್ಲಿಗೆ ಮುಗಿಯಿತು. ಸಿನಿಮಾದಂತೆ ಹೆಸರುಗಳು ಮೇಲೇರುವುದಿಲ್ಲ, ಆಟ ನಿಲ್ಲುವುದೂ ಇಲ್ಲ. ಗಾಳಿ ಬೀಸುತ್ತಿರುತ್ತದೆ. ನಾನು ಬೆಟ್ಟ ಇಳಿದು ವೈಟ್‌ರನ್ ಎಂಬ ಊರಿಗೆ ಬಂದೆ. ಕಾವಲುಗಾರ ಮೊಣಕಾಲಿಗೆ ಬಾಣ ಬಿದ್ದ ತನ್ನ ಹಳೆಯ ಕಥೆಯನ್ನೇ ಹೇಳಿದ. ಸಂತೆಯ ಹೆಂಗಸು ತರಕಾರಿ ಕೊಳ್ಳೆಂದಳು. ಜಗತ್ತು ಹೆಚ್ಚುಕಡಿಮೆ ಮೊದಲಿನ ಹಾಗೆಯೇ ಇತ್ತು. ಲೋಕ ಉಳಿಸಿ ಬಂದವನಿಗೆ ಚಾ ಕುಡಿದೆಯಾ ಎಂದು ಕೇಳುವವರಿರಲಿಲ್ಲ.

ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಟೆಂಪೋ ನಿಂತಿತ್ತು.

ರಬಕವಿ-ಬನಹಟ್ಟಿಯಲ್ಲಿ ಬೆಳೆದವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ. ಅದು ನಿಂತಾಗ ಮಾತ್ರ ಕೇಳಿಸುತ್ತದೆ. ಓಣಿಯಲ್ಲಿ ಮನೆಮನೆಗೂ ಪವರ್ ಲೂಮ್. ಲಾಳಿ ಅತ್ತಿಂದಿತ್ತ ಬಡಿಯುವ ಖಟಖಟದಲ್ಲೇ ಮಕ್ಕಳು ಪಾಠ ಓದುತ್ತಾರೆ, ಹಿರಿಯರು ನಿದ್ದೆ ಮಾಡುತ್ತಾರೆ. ಕರೆಂಟು ಹೋದರೆ ಕೂಸುಗಳು ಅಳುತ್ತಾ ಏಳುತ್ತವೆ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಮಗ್ಗಗಳಿದ್ದವು. ಮಾಲೀಕರು ನೂಲು ಕೊಡುತ್ತಿದ್ದರು, ಅಪ್ಪ ಸೀರೆ ನೇಯ್ದು ಕೊಟ್ಟು ಮಜೂರಿ ತರುತ್ತಿದ್ದ. ಅವ್ವ ಪಕ್ಕದಲ್ಲಿ ಕೂತು ಕಂಡಿಕಿ ಸುತ್ತುತ್ತಿದ್ದಳು. ಎರಡು ಮಗ್ಗ ನನ್ನ ಓದಿಗೆ ಹೋದವು. ಉಳಿದೆರಡು ಹೋದದ್ದು ಅಪ್ಪನ ಮೊಣಕಾಲಿಗಾಗಿ. ನಿಂತು ನಿಂತು ಸವೆದಿದ್ದವು. ಡಾಕ್ಟರು ಇನ್ನು ನಿಲ್ಲಬೇಡಿ ಅಂದರು. ಬಾಣ ಬಿದ್ದಿರಲಿಲ್ಲ, ಅಷ್ಟೇ.

ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಎರಡನೆಯ ರಾತ್ರಿಯೂ ಹಾಗೇ. ಮೂರನೆಯ ರಾತ್ರಿ ಅಪ್ಪ ಚಾದರ ಹೊದ್ದುಕೊಂಡು ನನ್ನ ಕೋಣೆಗೆ ಬಂದ. ಮಗ್ಗ ಇದ್ದ ಜಾಗದಲ್ಲೇ ನನ್ನ ಮೇಜು ಹಾಕಿದ್ದೆವು. ನೆಲದಲ್ಲಿ ಬೋಲ್ಟಿನ ತೂತುಗಳು ಇನ್ನೂ ಇದ್ದವು.

“ಏನ್ ಮಾಡಾಕತ್ತೀ?”

“ಏನಿಲ್ಲ, ಹಂಗ ಆಡಾಕತ್ತೇನಿ.”

“ಅವತ್ತ ಮುಗೀತು ಅಂದಿದ್ದೆಲ್ಲ?”

“ಕಥೀ ಮುಗದೈತಿ. ಆಟ ಮುಗದಿಲ್ಲ.”

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ನಾನು ಆಗ ರಿವರ್‌ವುಡ್ ಎಂಬ ಹಳ್ಳಿಯಲ್ಲಿ ಕಟ್ಟಿಗೆ ಒಡೆಯುತ್ತಿದ್ದೆ. ಸುಳ್ಳಲ್ಲ, ಆ ಆಟದಲ್ಲಿ ಕಟ್ಟಿಗೆ ಒಡೆದು ಅಲ್ಲಿನ ಕಟ್ಟಿಗೆ ಅಡ್ಡೆಯವನಿಗೆ ಮಾರಬಹುದು. ಹೊಲದಲ್ಲಿ ಗೋಬಿ, ಬಟಾಟಿ ಕಿತ್ತು ಒಕ್ಕಲಿಗನಿಗೆ ಕೊಟ್ಟರೆ ಅವನೂ ರೊಕ್ಕ ಕೊಡುತ್ತಾನೆ. ಇಪ್ಪತ್ತು ಡ್ರ್ಯಾಗನ್ನುಗಳ ಆತ್ಮ ಎದೆಯೊಳಗಿಟ್ಟುಕೊಂಡವನು ಗೋಬಿ ಕೀಳುವುದನ್ನು ಅಪ್ಪ ಬಹಳ ಹೊತ್ತು ನೋಡಿದ.

“ಗೋಬಿ ಕೀಳಾಕ ಲ್ಯಾಪ್‌ಟಾಪ್ ಯಾಕ ಬೇಕೋ ತಮ್ಮಾ? ನಾಳೆ ನಮ್ಮ ಮಾವನ ಹೊಲಕ್ಕ ಹೋಗು, ಮಧ್ಯಾಹ್ನ ಊಟಾನೂ ಕೊಡತಾನ.”

ಕಥೆ ಮುಗಿದ ಮೇಲೆ ಏನು ಮಾಡುವುದು ಅನ್ನುವುದಕ್ಕೆ ಆಟ ತಯಾರಿಸಿದವರ ಬಳಿಯೂ ಒಂದು ಉತ್ತರವಿತ್ತು. ಅದಕ್ಕೆ ರೇಡಿಯಂಟ್ ಎಂದು ಹೆಸರು. ಹೋಟೆಲಿನವನನ್ನು ಕೆಲಸವಿದೆಯಾ ಎಂದು ಕೇಳಿದರೆ ಒಂದು ಕಾಗದ ಕೊಡುತ್ತಾನೆ, ಇಂಥ ಗುಹೆಯಲ್ಲಿ ಇಂಥ ದರೋಡೆಕೋರನಿದ್ದಾನೆ, ಕೊಂದು ಬಾ ಎಂದು. ಕೊಂದು ಬಂದರೆ ಇನ್ನೊಂದು ಕಾಗದ. ಊರು, ಗುಹೆ, ವೈರಿ, ಮೂರನ್ನೂ ಯಂತ್ರವೇ ಆರಿಸಿ ಜೋಡಿಸುತ್ತದೆ. ಅದಕ್ಕೆ ಕೊನೆಯೇ ಇಲ್ಲ. ಕೊನೆಯಿಲ್ಲ ಅನ್ನುವುದನ್ನೇ ದೊಡ್ಡ ಗುಣವೆಂಬಂತೆ ಹೇಳುತ್ತಾರೆ. ನಾನು ನಾಲ್ಕು ರಾತ್ರಿ ಇದನ್ನೇ ಮಾಡಿದೆ. ಐದನೆಯ ರಾತ್ರಿ ಒಂದು ಗುಹೆಗೆ ನುಗ್ಗಿದಾಗ, ಇದೇ ಗುಹೆಗೆ ಇದೇ ಕೆಲಸಕ್ಕೆ ಮೊನ್ನೆಯೇ ಬಂದಿದ್ದೆ ಎಂದು ಗೊತ್ತಾಯಿತು. ಪಕ್ಕದಲ್ಲಿದ್ದ ಅಪ್ಪನಿಗೂ ಗೊತ್ತಾಯಿತು.

“ಇದು ಮಜೂರಿ” ಅಂದ. “ಒಂದ ಡಿಸೈನ ಹದಿನೈದ ವರ್ಷ ನೇಯ್ದೇನಿ. ದಡಿ ಬಣ್ಣ ಅಷ್ಟ ಬದಲಾಗತಿತ್ತು.”

ಅವನು ಮಲಗಲು ಎದ್ದವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಬೆನ್ನು ನನ್ನ ಕಡೆಗಿತ್ತು. “ಈಗ ಅದೂ ಇಲ್ಲ. ನಾ ಇನ್ನ ಯಾತಕ್ಕ ಬೇಕೋ?” ಅಂದ. ಯಾರಿಗೂ ಕೇಳದ ಹಾಗೆ, ತನಗೆ ತಾನೇ ಅಂದುಕೊಂಡ ಹಾಗೆ. ನನಗೆ ಉತ್ತರ ಬರಲಿಲ್ಲ. ಇಪ್ಪತ್ತೊಂಬತ್ತು ವಯಸ್ಸಿಗೆ ಕೆಲಸ ಕಳೆದುಕೊಂಡು ಅಪ್ಪನ ಮಗ್ಗದ ಜಾಗದಲ್ಲಿ ಕೂತು ಗೋಬಿ ಕೀಳುವವನು ಯಾವ ಬಾಯಲ್ಲಿ ಉತ್ತರ ಹೇಳಬೇಕು? ಆಟವನ್ನು ಅಲ್ಲಿಗೇ ನಿಲ್ಲಿಸಿ ದೀಪ ಆರಿಸಿದೆ.

ಇಲ್ಲಿ ಅವ್ವನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಗ್ಗ ಹೋದ ವಾರವೇ ಅವಳು ಪಕ್ಕದ ಮನೆಯವರಿಗೆ ಕಂಡಿಕಿ ಸುತ್ತಲು ಒಪ್ಪಿಕೊಂಡಳು. ರೊಟ್ಟಿ ಬಡಿಯುವುದು, ನೀರು ಹಿಡಿಯುವುದು, ಬಾಕಿ ಕೇಳಲು ಬಂದವರಿಗೆ ಸಮಾಧಾನ ಹೇಳುವುದು ಯಾವುದೂ ನಿಲ್ಲಲಿಲ್ಲ. ನಮ್ಮಿಬ್ಬರ ಕಥೆ ಮುಗಿದು ಈಗೇನು ಎಂದು ನಾವು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆವು. ಅವಳಿಗೆ ಮುಗಿಯುವಂಥ ಕಥೆಯನ್ನು ಯಾರೂ ಕೊಟ್ಟೇ ಇರಲಿಲ್ಲ. “ಇಬ್ಬರೂ ಕೂಡೇ ಕುಂತ ಗೊಂಬಿ ಆಡಸ್ರಿ” ಎಂದು ಬೈದು ಹೋಗುತ್ತಿದ್ದಳು. ಬೈಗುಳ ನ್ಯಾಯವಾಗಿಯೇ ಇತ್ತು.

ನಾಯಿ ಸಿಕ್ಕದ್ದು ಆಮೇಲೆ. ಕಾಗದ ಒಯ್ಯುವ ಕೆಲಸ ಬಿಟ್ಟಿದ್ದೆ. ಬಾಣಗಳನ್ನೆಲ್ಲ ಆರಿಸಿ ಸುಮ್ಮನೆ ನಡೆಯುತ್ತಿದ್ದೆ. ನಕ್ಷೆಯಲ್ಲಿ ಒತ್ತಿ ಒಂದೂರಿನಿಂದ ಇನ್ನೊಂದೂರಿಗೆ ಹಾರುವ ಸೌಲಭ್ಯವಿದೆ, ಅದನ್ನೂ ಬಿಟ್ಟೆ. ಆಗ ನಾಡು ಬೇರೆಯಾಗಿ ಕಾಣತೊಡಗಿತು. ಹೊಳೆಗೆ ಇಂಥಲ್ಲಿ ಕಾಲುಸಂಕವಿದೆ, ಈ ತಿರುವಿನಲ್ಲಿ ನೀಲಿ ಹೂವಿದೆ ಎಂದು ಗೊತ್ತಾಗತೊಡಗಿತು. ನೂರಾರು ಪುಸ್ತಕಗಳನ್ನು ಅಲ್ಲಲ್ಲಿ ಇಟ್ಟಿದ್ದಾರೆ, ತೆರೆದು ಓದಬಹುದು. ಕಥೆ ನಡೆಯುತ್ತಿದ್ದಾಗ ಅವನ್ನು ಮಾರಿ ಕತ್ತಿ ಕೊಂಡಿದ್ದೆ. ಹೀಗೆ ಹೋಗುವಾಗ ದಾರಿ ಬದಿಯಲ್ಲಿ ಒಂದು ನಾಯಿ ಬೊಗಳಿ ಕರೆಯಿತು. ಅದರ ಹಿಂದೆ ಹೋದರೆ ಕಾಡಿನ ನಡುವೆ ಒಂದು ಗುಡಿಸಲು, ಒಳಗೆ ಮಂಚದ ಮೇಲೆ ಅದರ ಯಜಮಾನ ಸತ್ತು ಬಿದ್ದಿದ್ದ. ಪಕ್ಕದಲ್ಲಿ ಅವನ ದಿನಚರಿ. ಬೇನೆ ಬಿದ್ದು ಒಬ್ಬನೇ ಸಾಯುತ್ತಿದ್ದವನು ಆ ನಾಯಿಯ ಬಗ್ಗೆ ಬರೆದಿದ್ದ. ನಾಯಿಯ ಹೆಸರು ಮೀಕೋ. ಈ ಗುಡಿಸಲಿಗೂ ಮುಖ್ಯ ಕಥೆಗೂ ಏನೂ ಸಂಬಂಧವಿಲ್ಲ. ಇದನ್ನು ನೋಡದೆಯೇ ಆಟ ಮುಗಿಸಬಹುದು, ನಾನೂ ಹಾಗೇ ಮುಗಿಸಿದ್ದೆ.

“ಅದರ ಮಾಲಕ ಎಲ್ಲಿ?” ಅಪ್ಪ ಕೇಳಿದ.

“ಸತ್ತಾನ.”

“ಮತ್ತ ನಿಂತಿ ಯಾಕ? ಕರಕೊಂಡ ನಡಿ.”

ಕರೆದುಕೊಂಡು ನಡೆದೆ. ಮರುದಿನ ಅಪ್ಪ ಹೊರಗೆ ಹೋದಾಗ ದೈತ್ಯ ಟ್ರೋಲ್ ಒಂದರ ಜೊತೆ ಹೊಡೆದಾಟದಲ್ಲಿ ಮೀಕೋ ಸತ್ತ, ಅದೂ ಬಹುಶಃ ನನ್ನದೇ ಬಾಣಕ್ಕೆ. ನಾನು ಹಿಂದಿನ ಸೇವ್ ತೆರೆದು ನಾಯಿಯನ್ನು ಬದುಕಿಸಿಕೊಂಡೆ. ರಾತ್ರಿ ಬಾಯಿ ತಡೆಯದೆ ಅಪ್ಪನಿಗೆ ಹೇಳಿಬಿಟ್ಟೆ.

“ಇದರಾಗ ಹಿಂದಕ್ಕ ಹೋಗಾಕ ಬರತೈತೇನು?”

“ಬರತೈತಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಎಷ್ಟ ಹಿಂದಕ್ಕ?”

ಮೀಕೋ ಉದ್ದ ಕೂದಲಿನ ದಪ್ಪ ನಾಯಿ. ಅಪ್ಪನಿಗೆ ಅದು ಅಷ್ಟು ಹಿಡಿಸಲಿಲ್ಲ. ನಾಯಿ ಅಂದರೆ ಮುಧೋಳದ್ದು, ಹೊಟ್ಟೆ ಬೆನ್ನಿಗೆ ಹತ್ತಿರಬೇಕು, ಓಡಿದರೆ ಮೊಲ ಸಿಗಬೇಕು ಅಂದ. ಮುಧೋಳದ ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ. ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಹೋಯಿತಂತೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅಪ್ಪನ ಗೆಳೆಯರೊಬ್ಬರು ಆ ಕಡೆ ಹೊಲದಲ್ಲಿ ಸಾಕಿದ್ದರು. “ಖರೇ ನಾಯಿ ತೋರಸ್ತೇನಿ ಬಾ” ಎಂದು ಒಂದು ಭಾನುವಾರ ಅವನೇ ಹೊರಡಿಸಿದ. ಮಗ್ಗ ಹೋದ ಮೇಲೆ ಅವನಾಗಿ ಒಂದೆಡೆಗೆ ಹೊರಟದ್ದು ಅದೇ ಮೊದಲು. ಹೀಗೆ ಮೊಣಕಾಲು ನೋವಿನ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಹಾಲಿಂಗಪುರ ದಾಟಿ, ಹಾಡು ಹಚ್ಚಿಕೊಂಡು ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತಾ ಮುಧೋಳದ ಕಡೆ ಹೋದೆವು.

ನಾಯಿಗಳನ್ನು ನೋಡಿದೆವು. ಹೆಚ್ಚು ಹೇಳುವುದೇನಿಲ್ಲ, ಅವು ನಮ್ಮನ್ನು ತಿರುಗಿಯೂ ನೋಡಲಿಲ್ಲ. ದೂರ ಏನೋ ಓಡಿದ್ದನ್ನೇ ದಿಟ್ಟಿಸುತ್ತಿದ್ದವು. ಬರುವಾಗ ಮುಧೋಳದಲ್ಲಿ ಚಾ ಕುಡಿಯಲು ನಿಂತಾಗ ನನಗೆ ರನ್ನ ನೆನಪಾದ.

ಬಿ.ಎ.ಯಲ್ಲಿ ಕನ್ನಡ ಮೇಷ್ಟ್ರು ರನ್ನ ನಮ್ಮ ಮಗ್ಗುಲೂರಿನವನು ಎಂದು ಎದೆ ಉಬ್ಬಿಸಿ ಪಾಠ ಶುರುಮಾಡುತ್ತಿದ್ದರು. ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ಇದೇ ತಾಲ್ಲೂಕಿನ ಬೆಳಗಲಿಯವರು ಅವನು ನಮ್ಮೂರವನು ಎಂದು ಊರಿಗೇ ರನ್ನಬೆಳಗಲಿ ಎಂಬ ಹೆಸರು ಇಟ್ಟುಕೊಂಡಿದ್ದಾರೆ. ಅವನು ಹತ್ತನೇ ಶತಮಾನದಲ್ಲಿ ‘ಗದಾಯುದ್ಧ’ ಬರೆದ. ಆಗ ಪರೀಕ್ಷೆಗೆಂದು ‘ಸಿಂಹಾವಲೋಕನ ಕ್ರಮ’ ಎಂದು ಉರುಹೊಡೆದಿದ್ದೆ. ಸಿಂಹ ಮುಂದೆ ನಡೆಯುತ್ತಾ ಹಿಂದಿರುಗಿ ನೋಡುವ ಹಾಗೆ, ಕೊನೆಯ ದಿನದಲ್ಲಿ ನಿಂತು ಇಡೀ ಭಾರತವನ್ನು ತಿರುಗಿ ನೋಡುವುದು. ಅದರ ಅರ್ಥ ಚಾದಂಗಡಿಯ ಬೆಂಚಿನ ಮೇಲೆ ಹೊಳೆಯಿತು. ರನ್ನ ಕಾವ್ಯ ಶುರುಮಾಡುವ ಹೊತ್ತಿಗೆ ಮುಖ್ಯ ಕಥೆ ಹೆಚ್ಚುಕಡಿಮೆ ಮುಗಿದುಹೋಗಿದೆ. ದ್ರೋಣ ಇಲ್ಲ, ಕರ್ಣ ಇಲ್ಲ, ದುಶ್ಶಾಸನ ಇಲ್ಲ. ಸೈನ್ಯವೇ ಇಲ್ಲ. ದುರ್ಯೋಧನ ಸಂಜಯನ ಜೊತೆ ಭೀಷ್ಮರನ್ನು ನೋಡಲು ಹೆಣ ತುಂಬಿದ ರಣರಂಗದ ನಡುವೆ ನಡೆದುಹೋಗುತ್ತಾನೆ. ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ. ಗುರುವಿನ ಬಳಿ, ಮಗನ ಬಳಿ, ತಮ್ಮನ ಬಳಿ, ಗೆಳೆಯನ ಬಳಿ. ವೈರಿಯ ಮಗ ಅಭಿಮನ್ಯುವಿನ ಬಳಿಯೂ ನಿಂತು ಅವನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಹೆಸರು ಗದಾಯುದ್ಧ ಎಂದಿದ್ದರೂ ನನಗೆ ಆ ಕಾವ್ಯದ ಜೀವ ಇರುವುದು ಗದೆಯಲ್ಲಲ್ಲ, ಈ ನಡಿಗೆಯಲ್ಲಿ. ಯುದ್ಧ ನಡೆಯುತ್ತಿದ್ದಾಗ ಅವನಿಗೆ ಅಭಿಮನ್ಯುವನ್ನು ಹೀಗೆ ನೋಡಲು ಪುರುಸೊತ್ತೇ ಇರಲಿಲ್ಲ.

ಅಪ್ಪನಿಗೆ ಇದನ್ನು ಹೇಳಿದೆ. ಅವನು ರನ್ನನನ್ನು ಓದಿದವನಲ್ಲ. ಅವನಿಗೆ ಗೊತ್ತಿದ್ದದ್ದು ದೊಡ್ಡಾಟ. “ನಾ ಸಣ್ಣಾಂವ ಇದ್ದಾಗ ಬೆಳತನಕ ಆಟ ನೋಡಿ ಬರಾಕತ್ತಿದ್ವಿ. ಬಸ್ ಸ್ಟ್ಯಾಂಡನ್ಯಾಗ ದುರ್ಯೋಧನ ಚಾ ಕುಡಿಯಾಕತ್ತಿದ್ದ. ಮೀಸಿ ತಗದಿದ್ದ, ಮುಖದ ಬಣ್ಣ ತಗದಿರಲಿಲ್ಲ. ರಾತ್ರಿ ತೊಡಿ ಮುರದ ಬಿದ್ದಾಗ ನಾ ಅತ್ತಿದ್ದೆ. ಮುಂಜಾನೆ ಬಸ್ಸಿಗೆ ಚಿಲ್ಲರ ಎಣಸಾಕತ್ತಿದ್ದ. ಅವನ್ನ ನೋಡಿ ಮತ್ತ ಅಳು ಬಂತು.”

ಯಾಕೆ ಎಂದು ನಾನು ಕೇಳಲಿಲ್ಲ.

ಆ ದಿನದಿಂದ ನನಗೆ ಒಂದು ಹುಳ ಹೊಕ್ಕಿತು. ವ್ಯಾಸಭಾರತದಲ್ಲಿ ಹದಿನೆಂಟು ಪರ್ವಗಳು. ದುರ್ಯೋಧನ ಬೀಳುವುದು ಒಂಬತ್ತನೆಯದಾದ ಶಲ್ಯಪರ್ವದಲ್ಲಿ. ಅಂದರೆ ಲೆಕ್ಕಕ್ಕೆ ಅರ್ಧದಷ್ಟು ಪರ್ವಗಳು ಆಮೇಲೆ ಬರುತ್ತವೆ. ಎಲ್ಲದಕ್ಕಿಂತ ದೊಡ್ಡದಾದ ಶಾಂತಿಪರ್ವವೂ ಗೆದ್ದ ಮೇಲಿನದೇ. ಧರ್ಮರಾಯನಿಗೆ ರಾಜ್ಯ ಬಂದಿದೆ, ಬೇಡವಾಗಿದೆ, ಈಗ ಏನು ಮಾಡಲಿ ಎಂದು ಶರಶಯ್ಯೆಯ ಮೇಲಿನ ಅಜ್ಜನನ್ನು ಕೇಳುತ್ತಾ ಕೂತಿದ್ದಾನೆ. ನಮ್ಮ ಕುಮಾರವ್ಯಾಸ ಮಾತ್ರ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನು ಆಮೇಲೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಕುಮಾರವ್ಯಾಸನನ್ನು ಊರೂರಲ್ಲಿ ವಾಚಿಸಿದರು. ತಿಮ್ಮಣ್ಣನ ಹೆಸರು ನೋಟ್ಸಿನಲ್ಲಿ ಒಂದು ಸಾಲು. ಅವನ ಬಗ್ಗೆ ನನಗೆ ಇದ್ದಕ್ಕಿದ್ದಂತೆ ಮರುಕ ಬಂತು. ಯುದ್ಧ ಬೇರೆಯವನು ಬರೆದುಬಿಟ್ಟಿದ್ದಾನೆ, ಉಳಿದದ್ದು ಉಪದೇಶ, ಯಜ್ಞ, ಅರಣ್ಯವಾಸ, ಸಾವು. ಅದನ್ನೂ ಒಬ್ಬ ಕೂತು ಬರೆಯಬೇಕಲ್ಲ.

ಎರಡನೆಯ ಸಲ ಹೊರಟದ್ದು ಜಮಖಂಡಿಗೆ. ಅಪ್ಪನ ಮೊಣಕಾಲು ತೋರಿಸುವುದಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗ ಸಂಸ್ಥಾನದ ದಿವಾನರಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿ. ಮುಂದೆ ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ ಆದದ್ದನ್ನು ನಮ್ಮ ಭಾಗದ ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ. ನನಗೆ ಇಷ್ಟವಾದದ್ದು ಯಾರೂ ಹೇಳದ ಸಣ್ಣ ವಿವರ. ಸಂಸ್ಥಾನ ಮುಗಿದಾಗ ದಿವಾನಗಿರಿಯೂ ಮುಗಿಯಿತು. ಅವರು ಹಿಂದಿನ ವಕೀಲಿಗೆ ಮರಳಿದರು. ಇಪ್ಪತ್ತು ತಿಂಗಳು. ರಾಜ್ಯವೊಂದನ್ನು ಸಹಿ ಮಾಡಿ ಒಪ್ಪಿಸಿ ಬಂದವರು ಕರಿಕೋಟು ತೊಟ್ಟು ಯಾರದೋ ಬದುವಿನ ಜಗಳದ ಕಾಗದ ಬಿಡಿಸಿ ಓದುತ್ತಿದ್ದಿರಬಹುದು ಎಂದು ಆಸ್ಪತ್ರೆಯ ಸಾಲಿನಲ್ಲಿ ಕೂತು ಊಹಿಸಿಕೊಂಡೆ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಅಪ್ಪ, “ಇಷ್ಟ ದೂರ ಬಂದೇವಿ, ಚಿಕ್ಕಪಡಸಲಗಿಗೆ ಹೋಗೂಣು” ಅಂದ.

“ಅಲ್ಲೇನೈತಿ?”

“ಬ್ಯಾರೇಜ್ ಐತಿ.”

ಬ್ಯಾರೇಜ್ ಇರುವುದು ನನಗೂ ಗೊತ್ತಿತ್ತು. ವಿಜಯಪುರದ ರಸ್ತೆಯಲ್ಲಿ ಕೃಷ್ಣೆಗೆ ಅಡ್ಡ ಕಟ್ಟಿದ್ದು. ಬೇಸಿಗೆಯಲ್ಲಿ ಹೊಳೆ ಬತ್ತಿ ದಂಡೆಯ ಬೆಳೆಯೇ ಒಣಗುತ್ತಿದ್ದ ಕಾಲದಲ್ಲಿ ರೈತರು ಸರಕಾರಕ್ಕೆ ಕಾದು ಸಾಕಾಗಿ ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಎಂದು ಹೆಸರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದೆಹಲಿಗೆ ಹೋದರು. 2018ರ ಮೇನಲ್ಲಿ ಜಮಖಂಡಿಯಿಂದ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಸೇತುವೆಯ ಪಕ್ಕ ಬೈಕ್ ನಿಲ್ಲಿಸಿದೆ. ಅಪ್ಪ ಕಟ್ಟೆಗೆ ಕೈಯೂರಿ ನಿಂತು ನೀರನ್ನು ಬಹಳ ಹೊತ್ತು ನೋಡಿದ.

“ನಾ ಇಲ್ಲಿ ಕಲ್ಲ ಹೊತ್ತೇನಿ” ಅಂದ.

ನಾನು ನಂಬಲಿಲ್ಲ. ನಮಗೆ ಒಂದು ಗುಂಟೆ ಹೊಲವೂ ಇಲ್ಲ. ಹೊಳೆಗೂ ನಮಗೂ ಏನು ಸಂಬಂಧ?

“ನಮ್ಮ ಸೋದರಮಾವಂದು ದಂಡಿ ಮ್ಯಾಲ ಹೊಲ ಇತ್ತು. ಟ್ರ್ಯಾಕ್ಟರ್ ತುಂಬ ಮಂದಿ ಹೊಂಟಿತ್ತು, ನಾನೂ ಹತ್ತಿದೆ. ಎರಡ ದಿನ ಇದ್ದೆ. ಮಗ್ಗ ಬಂದ ಮಾಡಿ ಹೋಗಿದ್ದಕ್ಕ ನಿಮ್ಮ ಮುತ್ತ್ಯಾ ಮನಿಗೆ ಬಂದ ಮ್ಯಾಲ ಕಪಾಳಕ್ಕ ಹೊಡದ.”

“ಪಗಾರ?”

“ಯಾತರ ಪಗಾರ? ರೊಟ್ಟಿ, ಜುಣಕ, ಉಳ್ಳಾಗಡ್ಡಿ.” ನಕ್ಕ. “ಸೀರಿ ನೇಯ್ದೇನಲ್ಲ, ಎಷ್ಟ ಸಾವಿರ ನೇಯ್ದೆನೋ ಏನೋ. ಒಂದೂ ಈಗ ಎಲ್ಲೈತಿ ಗೊತ್ತಿಲ್ಲ. ಕಲ್ಲ ಮಾತ್ರ ಇಲ್ಲೇ ಐತಿ. ನೀರಾಗ ಐತಿ, ಕಾಣೂದಿಲ್ಲ.”

ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ, ಕೇಳಲು ನನಗೆ. ಮಗ್ಗದ ಸದ್ದಿನಲ್ಲಿ ಎರಡು ಸಾಲಿಗಿಂತ ಹೆಚ್ಚು ಮಾತು ಆಡಲೂ ಆಗುತ್ತಿರಲಿಲ್ಲ. ಅಪ್ಪ ಇನ್ನೂ ಒಂದು ಗಂಟೆ ಅಲ್ಲಿಯೇ ನಿಂತ, ಮೊಣಕಾಲಿನ ಮಾತೇ ಎತ್ತಲಿಲ್ಲ. ಯಾವ ಕಡೆಯಿಂದ ಕಲ್ಲು ಬರುತ್ತಿತ್ತು, ಯಾರು ಎಲ್ಲಿ ನಿಂತು ಕೂಗುತ್ತಿದ್ದರು, ರಾತ್ರಿ ಎಲ್ಲಿ ಮಲಗುತ್ತಿದ್ದರು, ಒಂದೊಂದನ್ನೂ ಕೈಮಾಡಿ ತೋರಿಸಿದ.

ಬೀಳಗಿಗೆ ಹೋದದ್ದು ಬೇಸಿಗೆಯಲ್ಲಿ, ಅತ್ತಿಯ ಮನೆಗೆ. ಆಲಮಟ್ಟಿಯ ಹಿನ್ನೀರಿಗೆ ಅವಳ ಊರು ಮುಳುಗಿ ಎಷ್ಟೋ ವರ್ಷಗಳಾದವು. ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ, ಅಳೆದು ಹಾಕಿದ ನೇರ ರಸ್ತೆಗಳ ನಡುವೆ. ನೀರು ಇಳಿದ ದಿನಗಳಲ್ಲಿ ಹಳೆಯ ಊರಿನ ಗೋಡೆಗಳ ಬುಡ ಕಾಣಿಸುತ್ತದೆ. “ನೀರ ಇಳದಾಗ ನಮ್ಮೂರ ಬರತೈತಿ” ಅನ್ನುತ್ತಾಳೆ ಅತ್ತಿ, ನೆಂಟರು ಬಂದಂತೆ. ಕೆಸರಿನ ನಡುವೆ ನಮ್ಮನ್ನು ಕರೆದೊಯ್ದು, ಇದು ಅಡುಗೆಮನೆ, ಇದು ಹೊಸ್ತಿಲು, ನೀನು ಇಲ್ಲಿ ಜಾರಿಬಿದ್ದು ಹಣೆ ಒಡೆದುಕೊಂಡಿದ್ದೆ ಎಂದು ಅಪ್ಪನಿಗೆ ತೋರಿಸಿದಳು. ಅಪ್ಪ ಹೊಸ್ತಿಲಿನ ಕಲ್ಲು ದಾಟುವ ಮುಂಚೆ ಚಪ್ಪಲಿ ಬಿಟ್ಟ.

ಇಷ್ಟರಿಂದ ಅಪ್ಪ ಸುಖವಾಗಿದ್ದಾನೆ ಎಂದು ಯಾರೂ ತಿಳಿಯಬಾರದು. ಕೆಲವು ದಿನ ಊಟಕ್ಕೆ ಎಬ್ಬಿಸಿದರೂ ಏಳುವುದಿಲ್ಲ. ಇನ್ನು ಕೆಲವು ದಿನ ಓಣಿಯ ತುದಿಯ ಶೆಡ್ಡಿಗೆ ಹೋಗುತ್ತಾನೆ. ಅಲ್ಲಿ ಜಕಾರ್ಡ್ ಸಿಕ್ಕಿಹಾಕಿಕೊಂಡರೆ ಹುಡುಗರು ಕಾಕಾ ಬರ್ರಿ ಎಂದು ಕರೆಯುತ್ತಾರೆ. ರೊಕ್ಕ ಕೊಡುವುದಿಲ್ಲ, ಚಾ ಕೊಡುತ್ತಾರೆ. ಅವ್ವ ಇದಕ್ಕೂ ಬೈಯುತ್ತಾಳೆ. ನಾನು ಮೂರು ಕಡೆ ಅರ್ಜಿ ಹಾಕಿದ್ದೇನೆ, ಒಂದರಿಂದ ಫೋನ್ ಬಂದಿದೆ.

ಕಳೆದ ವಾರ ರಾತ್ರಿ ಅಪ್ಪ ಮೊದಲ ಸಲ ಕೀಬೋರ್ಡಿನ ಮೇಲೆ ಕೈಯಿಟ್ಟ. ಯಾವುದನ್ನು ಒತ್ತಿದರೆ ನಡೆಯುತ್ತಾನೆ ಎಂದು ತೋರಿಸಿದೆ. ಅಲ್ಡುಯಿನ್‌ನನ್ನು ಕೊಂದ ಮಹಾವೀರ ಎರಡು ಸಲ ಗೋಡೆಗೆ ಹಾಯ್ದ, ಒಂದು ಸಲ ಸೇತುವೆಯಿಂದ ಬಿದ್ದ. ಮೀಕೋ ಹಿಂದೆ ಹಿಂದೆ ಓಡಿತು. ಕೊನೆಗೆ ರಿವರ್‌ವುಡ್ಡಿನ ಹೊಳೆಯ ದಂಡೆಗೆ ತಂದು ನಿಲ್ಲಿಸಿದ.

“ಇಲ್ಲೇನ ಮಾಡಬೇಕು?”

“ಏನೂ ಇಲ್ಲ.”

“ಇರಲಿ ಬಿಡು” ಅಂದ. ನನಗೆ ನಿದ್ದೆ ಎಳೆಯುತ್ತಿತ್ತು, ಅಲ್ಲೇ ಚಾಪೆಯ ಮೇಲೆ ಮಲಗಿಬ್ಟಿಟ್ಟೆ.

ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗ ಕುರ್ಚಿ ಖಾಲಿಯಿತ್ತು, ಲ್ಯಾಪ್‌ಟಾಪ್ ಹಾಗೆಯೇ ಉರಿಯುತ್ತಿತ್ತು. ಆ ಆಟದಲ್ಲಿ ನಮ್ಮ ಎಪ್ಪತ್ತೆರಡು ನಿಮಿಷಕ್ಕೆ ಒಂದು ದಿನ ಕಳೆಯುತ್ತದೆ. ಲೆಕ್ಕ ಹಾಕಿದೆ. ಹನ್ನೊಂದರಿಂದ ಆರರವರೆಗೆ, ಹತ್ತಿರ ಹತ್ತಿರ ಆರು ದಿನ. ಆರು ದಿನ ಅವನು ಹೊಳೆಯ ದಂಡೆಯಲ್ಲಿ ನಿಂತೇ ಇದ್ದ. ಮಳೆ ಬಂದು ಹೋಗಿರಬೇಕು. ಯಾವ ಪ್ರಾಣಿಯೂ ಮೈಮೇಲೆ ಬಿದ್ದಿರಲಿಲ್ಲ. ಕ್ಯಾಮೆರಾ ಅವನ ಸುತ್ತ ನಿಧಾನಕ್ಕೆ ತಿರುಗುತ್ತಿತ್ತು, ನಾಯಿ ಪಕ್ಕದಲ್ಲಿ ಕೂತಿತ್ತು. ಅಡುಗೆಮನೆಯಿಂದ ಅವ್ವ ಕೂಗಿದಳು, ನಳ ಬಂದಿದೆ, ಯಾರಾದರೂ ಒಬ್ಬರು ಕೊಡ ಹಿಡೀರಿ ಎಂದು. ಹೊರಗೆ ಹೋದರೆ ಅಪ್ಪ ಆಗಲೇ ನಳದ ಹತ್ತಿರ ನಿಂತಿದ್ದ.